ಮಡಚಿಟ್ಟ ಎರಡು ಸಾಲು

ಅನ್ನ, ರೊಟ್ಟಿ, ಸಕ್ಕರೆ ಬಿಟ್ಟು ನಾಲ್ಕು ತಿಂಗಳಾದಾಗ ನನ್ನನ್ನು ಹಿಡಿಯುವವರೇ ಇರಲಿಲ್ಲ. ಹನ್ನೊಂದು ಕಿಲೋ ಇಳಿದಿದ್ದೆ. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ನಾನು ಆಂಧ್ರದ ಆದೋನಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಕೇಳದವರಿಗೂ ಪಾಠ ಹೇಳುವ ಚಟ ವೃತ್ತಿಯಿಂದಲೇ ಬಂದದ್ದು. ಸಂಜೆ ಸಹೋದ್ಯೋಗಿಗಳು ಬಂಡಿಯ ಮುಂದೆ ಮಂಡಕ್ಕಿಯ ಉಗ್ಗಾಣಿ, ಬಜ್ಜಿ ತಿನ್ನುತ್ತಿದ್ದರೆ ನಾನು ಬರಿಗೈಯಲ್ಲಿ ಪಕ್ಕದಲ್ಲಿ ನಿಂತು, ಆ ಮಂಡಕ್ಕಿ ಹೊಟ್ಟೆಗೆ ಹೋಗಿ ಏನಾಗುತ್ತದೆಂದು ವಿವರಿಸುತ್ತಿದ್ದೆ. ಅವರು ತಟ್ಟೆಯನ್ನು ನನ್ನ ಮುಖದ ಮೇಲೆ ಎಸೆಯದಿದ್ದುದು ಅವರ ದೊಡ್ಡತನ.

ನನ್ನ ಉಪದೇಶವನ್ನು ನಿಜವಾಗಿ ಕಿವಿಗೆ ಹಾಕಿಕೊಂಡವಳು ಒಬ್ಬಳೇ, ನನ್ನ ಅಕ್ಕ. ಅವಳನ್ನು ಹೊಳಗುಂದದ ಹತ್ತಿರದ ಹಳ್ಳಿಯೊಂದಕ್ಕೆ, ಕುರಿ ಸಾಕುವ ಮನೆಗೆ ಕೊಟ್ಟಿದ್ದಾರೆ. ಅವಳಿಗೆ ಓದು ಬರಹ ಬಾರದು. ನಮ್ಮ ಮನೆಯಲ್ಲೂ ಕುರಿಗಳಿದ್ದವು, ಕಾಯಲು ಒಬ್ಬರು ಬೇಕಿತ್ತು. ಅವಳು ಕುರಿಗಳ ಹಿಂದೆ ಹೋದಳು, ನಾನು ಶಾಲೆಗೆ ಹೋದೆ. ಕಳೆದ ವರ್ಷ ಅವಳಿಗೆ ಶುಗರ್ ಅಂಚಿನಲ್ಲಿದೆ ಎಂದು ಗೊತ್ತಾದ ದಿನವೇ ನಾನು ಫೋನು ಮಾಡಿ ಅಪ್ಪಣೆ ಕೊಟ್ಟೆ.

“ಅಕ್ಕಾ, ಜ್ವಾಳದ ರೊಟ್ಟಿ ಬಿಟ್ಟುಬಿಡು. ತತ್ತಿ ತಿನ್ನು, ಮಟನ್ ತಿನ್ನು, ತುಪ್ಪ ಹಾಕ್ಕೋ.”

“ರೊಟ್ಟಿ ಬಿಟ್ರ ಬದುಕಾದು ಹೆಂಗೋ ತಮ್ಮಾ?” ಎಂದು ನಕ್ಕಳು. ಆಮೇಲೆ ಯೋಚಿಸಿ, “ನೀ ಮೊದ್ಲು ನಿನ್ನ ರಕ್ತ ತೋರ್ಸು. ಚೊಲೋ ಬಂತಂದ್ರ ನಾನೂ ಬಿಡ್ತೀನಿ” ಎಂದಳು.

ಫಸ್ಟ್ ಕ್ಲಾಸು ಖಾತ್ರಿಯಿರುವ ಹುಡುಗನ ಹಾಗೆ ಲ್ಯಾಬಿಗೆ ಹೋದೆ. ಕಾಗದದಲ್ಲಿ ಆರು ಸಾಲುಗಳಿದ್ದವು. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿದಿತ್ತು, ಒಳ್ಳೆಯ ಕೊಲೆಸ್ಟ್ರಾಲು ಏರಿತ್ತು, ಕೆಳಗಿನ ಇನ್ನೆರಡೂ ನೆಟ್ಟಗಿದ್ದವು. ಆದರೆ ಮೇಲಿನ ಎರಡು ಸಾಲು, ಒಟ್ಟು ಕೊಲೆಸ್ಟ್ರಾಲು ಮತ್ತು ಕೆಟ್ಟದ್ದೆನ್ನುವ ಎಲ್‌ಡಿಎಲ್, ದಪ್ಪ ಅಕ್ಷರದಲ್ಲಿದ್ದವು. ಹಿಂದಿನ ವರ್ಷ ನೂರಿಪ್ಪತ್ತೊಂದಿದ್ದ ಎಲ್‌ಡಿಎಲ್ ಇನ್ನೂರೆಂಟಾಗಿತ್ತು. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. “ಬರುವು ತಗ್ಗಿಂದಿ, ಮಂಚಿದೇ ಸಾರ್” ಎಂದು ತೆಲುಗಿನಲ್ಲಿ ತೂಕ ಇಳಿದದ್ದನ್ನು ಮೊದಲು ಮೆಚ್ಚಿಕೊಂಡ. ಆಮೇಲೆ, ಈ ಥರ ತಿನ್ನುವ ಕೆಲವರಿಗೆ ಎಲ್‌ಡಿಎಲ್ ಹೀಗೆ ಏರುತ್ತದೆ, ಬಿಟ್ಟುಬಿಡುವ ವಿಷಯವಲ್ಲ, ತುಪ್ಪ ಮತ್ತು ಮಾಂಸದ ಕೊಬ್ಬು ಕಡಿಮೆ ಮಾಡಿ, ಬೇಳೆ ಸೊಪ್ಪು ಸೇರಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡೋಣ, ಆಗಲೂ ಇಳಿಯದಿದ್ದರೆ ಮಾತ್ರೆ ಎಂದ. ನನಗೆ ಮೈ ಉರಿದುಹೋಯಿತು.

ಎರಡು ದಿನ ಫೋನಿನಲ್ಲಿ ವೀಡಿಯೋ ನೋಡಿದೆ. ಒಬ್ಬ, ಎಲ್‌ಡಿಎಲ್ ಕಣಗಳು ದೊಡ್ಡವಾಗಿದ್ದರೆ ಭಯವಿಲ್ಲ ಎಂದ. ಇನ್ನೊಬ್ಬ, ಇದೆಲ್ಲ ಮಾತ್ರೆ ಮಾರುವವರ ಆಟ ಎಂದ. ಅವರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತೂಗಿ ನೋಡುವ ವಿದ್ಯೆ ನನಗೆ ಅಷ್ಟಿಷ್ಟು ಇತ್ತು, ಆದರೆ ತೂಗಲಿಲ್ಲ. ನನ್ನ ಕಡೆಯವರು ಯಾರು ಎಂದು ಮಾತ್ರ ಹುಡುಕಿದೆ. ಡಾಕ್ಟರು ಹೇಳಿದ್ದನ್ನೇ ಹೇಳುವವರ ವೀಡಿಯೋ ಬಂದರೆ ಅರ್ಧಕ್ಕೇ ಮುಚ್ಚಿದೆ.

ಮೂರನೆಯ ದಿನ ಬೆಳಿಗ್ಗೆ ಊಟದ ಟೇಬಲ್ಲಿನ ಮೇಲೆ ರಿಪೋರ್ಟು ಹರಡಿ, ಮೇಲಿನ ಎರಡು ಸಾಲು ಒಳಗೆ ಹೋಗುವಂತೆ ಕಾಗದವನ್ನು ಸೀರೆಯ ನಿರಿಗೆಯ ಹಾಗೆ ಮಡಚಿ, ಉಗುರಿನಿಂದ ಒತ್ತಿದೆ. ಫೋಟೋ ತೆಗೆದೆ. ನನ್ನ ಹೆಸರು, ಅದರ ಕೆಳಗೆ ನಾಲ್ಕು ಚಂದದ ಸಾಲು. ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿ, ‘ನೋಡಿಕೊಳ್ಳಿ’ ಎಂದು ಬರೆದೆ. ಪ್ರಯೋಗದಲ್ಲಿ ಬಂದ ರೀಡಿಂಗನ್ನೇ ಬರೆಯಿರಿ, ನಿಮಗೆ ಬೇಕಾದದ್ದನ್ನಲ್ಲ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಗದರಿಸಿದವನು ನಾನೇ.

ಸಂಜೆ ಅಕ್ಕನ ಫೋನು ಬಂತು. “ಸೊಸಿ ನೋಡಿ ಹೇಳಿದ್ಲು, ಎಲ್ಲಾ ನಾರ್ಮಲ್ ಐತಂತ. ನಾಳಿಂದ ನಾನೂ ರೊಟ್ಟಿ ಬಿಡ್ತೀನಿ ತಮ್ಮಾ.”

ಬಾಯಿ ಬಿಡಲು ಅದೇ ಸಮಯವಾಗಿತ್ತು. “ಬಿಡು” ಎಂದೆ.

ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ಅದೇ ವಾರದಿಂದ ನಾನು ಗುಟ್ಟಾಗಿ ಡಾಕ್ಟರು ಹೇಳಿದಂತೆ ನಡೆಯತೊಡಗಿದೆ. ತುಪ್ಪ ಬಿಟ್ಟೆ, ಬೇಳೆ ಸೊಪ್ಪು ಶುರು ಮಾಡಿದೆ. ಮುಂದಿನ ಪರೀಕ್ಷೆಯಲ್ಲಿ ಇಳಿದ ಮೇಲೆ ಅಕ್ಕನಿಗೂ ಹೇಳೋಣ, ಆಗ ಅದು ಗೆದ್ದವನ ಕಥೆಯಾಗುತ್ತದೆ ಎಂದು ಲೆಕ್ಕ ಹಾಕಿದ್ದೆ, ಆದರೆ ಆ ಪರೀಕ್ಷೆಯನ್ನು ಮುಂದೂಡುತ್ತಲೇ ಇದ್ದೆ. ಒಂದು ಭಾನುವಾರ ಅವಳ ಊರಿಗೆ ಹೋಗಿದ್ದೆ. ಮನೆ ಮಂದಿಗೆಲ್ಲ ರೊಟ್ಟಿ ಬಡಿದು ಹಾಕಿ, ಒಂದು ಚೂರನ್ನೂ ಬಾಯಿಗಿಡದೆ, ಕೊಬ್ಬಿನ ತುಂಡುಗಳನ್ನು ಹಾಕಿಕೊಂಡು ನನ್ನ ಎದುರು ಉಣ್ಣಲು ಕೂತಳು. ನನ್ನ ತಟ್ಟೆಗೆ ತುಪ್ಪ ಬಗ್ಗಿಸಲು ಬಂದಾಗ ಕೈ ಅಡ್ಡ ಹಿಡಿದು, ಹೊಟ್ಟೆ ಭಾರ ಎಂದೆ. ಆ ತುಪ್ಪವನ್ನು ಅವಳು ತನ್ನ ತಟ್ಟೆಗೆ ಹಾಕಿಕೊಂಡಳು. ನಾನು ನೋಡುತ್ತ ಕೂತಿದ್ದೆ.

ಮೂರು ತಿಂಗಳ ನಂತರ ಒಂದು ದಿನ ಅವಳೇ ಬಸ್ಸು ಹಿಡಿದು ಆದೋನಿಗೆ ಬಂದಳು. ಚೀಲದಿಂದ ಲ್ಯಾಬಿನ ಕಾಗದವನ್ನೂ ಒಂದು ಪಟ್ಟಿ ಮಾತ್ರೆಯನ್ನೂ ತೆಗೆದು ನನ್ನ ಕೈಗಿಟ್ಟಳು. ಅದರಿಂದ ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ.

“ಶುಗರ್ ಕಡಿಮಿ ಆಗೈತಂತ. ಆದ್ರ ಈ ಎರಡು ಸಾಲಿಗೆ ಕೆಂಪು ಗೀಟು ಹಾಕ್ಯಾರ. ಎದಿಗೆ ಚೊಲೋ ಅಲ್ಲ, ಈ ಗುಳಿಗಿ ನುಂಗು ಅಂದ್ರು. ನನ್ನ ತಮ್ಮನ್ನ ಕೇಳಿ ನುಂಗ್ತೀನಿ ಅಂತ ಬಂದೆ.” ಆಮೇಲೆ ಕೇಳಿದಳು: “ನಿನ್ನಂಗ ತಿಂದೀನಿ. ನಿಂದು ಚೊಲೋ ಬಂತು, ನಂದ್ಯಾಕ ಹಿಂಗ ಬಂತು? ನಾ ಏನು ತಪ್ಪು ಮಾಡೀನಿ?”

ಆಗಲಾದರೂ ಹೇಳಬಹುದಿತ್ತು. “ಒಬ್ಬೊಬ್ರ ಮೈ ಒಂದೊಂದು ಥರ ಇರ್ತೈತಿ ಅಕ್ಕಾ” ಎಂದು ಪಾಠ ಶುರು ಮಾಡಿದೆ. ಅವಳು ಕೇಳುತ್ತಲೇ ತನ್ನ ಫೋನು ತೆಗೆದು, ಸೊಸೆ ಕಲಿಸಿಕೊಟ್ಟಂತೆ ನನ್ನ ರಿಪೋರ್ಟಿನ ಫೋಟೋ ಹುಡುಕಿ, ತನ್ನ ಕಾಗದದ ಪಕ್ಕ ಇಟ್ಟಳು.

ಅಕ್ಷರ ಬಾರದಿದ್ದರೇನು, ಎಣಿಕೆಯಲ್ಲಿ ಅವಳಿಗೆ ಯಾರೂ ಮೋಸ ಮಾಡಲಾರರು. ಸಂಜೆ ಕುರಿಗಳು ಒಂದರ ಮೇಲೊಂದು ಬಿದ್ದು ಹಟ್ಟಿಗೆ ನುಗ್ಗುವಾಗ ಬಾಗಿಲಲ್ಲಿ ನಿಂತು, ಬೆರಳು ಕೂಡ ಮಡಚದೆ, ಎಷ್ಟು ಕಡಿಮೆಯಿವೆ ಎಂದು ಹೇಳುತ್ತಾಳೆ.

“ನಂದ್ರಾಗ ಆರು ಸಾಲು ಅದಾವ” ಎಂದಳು. “ನಿಂದ್ರಾಗ ನಾಕ ಅದಾವ. ಎರಡು ಎಲ್ಲಿಗೆ ಹೋದ್ವು?”

“ಅದು ಬ್ಯಾರೆ ಟೆಸ್ಟು.”

“ಮ್ಯಾಲಿನ ಲ್ಯಾಬಿನ ಗುರ್ತು ಎರಡ್ರಾಗೂ ಒಂದೇ ಐತಲ್ಲ.” ಫೋಟೋದ ಮೇಲೆ ಬೆರಳಿಟ್ಟಳು. “ಇಲ್ಲಿ ಗೆರಿ ಕಾಣ್ತೈತಿ. ಮಡಚೀಯೇನು?”

ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಎದ್ದು ಅಲ್ಮಾರಿಯಿಂದ ಆ ಕಾಗದ ತಂದು, ಮಡಿಕೆ ಬಿಡಿಸಿ ಅವಳ ಮುಂದಿಟ್ಟೆ. ಅವಳ ಕಾಗದದಲ್ಲಿ ಕೆಂಪು ಗೀಟಿದ್ದ ಜಾಗದಲ್ಲೇ ನನ್ನದರಲ್ಲಿ ದಪ್ಪ ಅಕ್ಷರಗಳಿದ್ದವು. ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು.

“ಇದು ಅವತ್ತ ಗೊತ್ತಿತ್ತಾ ನಿನಗ?”

“ಗೊತ್ತಿತ್ತು.”

“ಅದಕ್ಕಾ ಆ ಐತಾರ ನೀ ತುಪ್ಪ ಬ್ಯಾಡಂದದ್ದು?”

ತಲೆ ಎತ್ತಲಾಗಲಿಲ್ಲ. “ಹೂಂ” ಎಂದೆ. ತಪ್ಪಾಯ್ತು ಎಂದೂ ಹೇಳಿದೆ. ಅವಳು ಬೈದಿದ್ದರೆ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತಲೆಗೊಂದು ಮೊಟಕಿದ್ದರೆ ಉಸಿರಾಡುತ್ತಿದ್ದೆ. ಬೈಯಲಿಲ್ಲ.

“ಪೂರಾ ಕಾಗದ ಈಗ ಕಳ್ಸು, ಎಲ್ರೂ ನೋಡ್ಲಿ. ನನ್ನಂಗ ಇನ್ಯಾರಾರ ರೊಟ್ಟಿ ಬಿಟ್ಟಿದ್ರ?” ಎಂದಳು. ಫೋಟೋ ತೆಗೆದು ಗ್ರೂಪಿಗೆ ಕಳಿಸಿದೆ. ಅವಳ ಫೋನು ಸದ್ದು ಮಾಡಿತು. ತೆರೆದು, ಸಾಲುಗಳ ಮೇಲೆ ಕಣ್ಣಾಡಿಸಿ, “ಆರು ಅದಾವ” ಎಂದಳು.

ಮಾತ್ರೆಯ ಪಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. “ನುಂಗು ಅಕ್ಕಾ, ಅವ್ರು ಹೇಳಿದ್ದು ಸರಿ, ಯಾಕಂದ್ರ…” ಎಂದು ವಿವರಿಸಲು ಹೊರಟೆ. ಅವಳು ಕೈ ಚಾಚಿ ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

“ಇರ್ಲಿ ತಮ್ಮಾ” ಎಂದಳು. “ಡಾಕ್ಟರನ್ನ ಕೇಳ್ತೀನಿ.”