ನಮ್ಮ ಜಗಲಿಯಲ್ಲಿ ರಕ್ತ ತೆಗೆದ ಮೇಡಂ

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಸು ಕರೆದು ಡೈರಿಗೆ ಹಾಲು ಹಾಕಿ ಬಂದೆ. ಕೊಟ್ಟಿಗೆ ಗುಡಿಸಿದೆ, ಅತ್ತೆಗೆ ಸ್ನಾನಕ್ಕೆ ನೀರು ಕಾಯಿಸಿಟ್ಟೆ. ಆಮೇಲೆ ಬೆಳಕವಾಡಿಯಲ್ಲಿ ಬಸ್ಸು ಹತ್ತಿ ಮಳವಳ್ಳಿಗೆ ಹೋಗಿ, ಸಕ್ಕರೆ ಪರೀಕ್ಷೆಗೆಂದು ಲ್ಯಾಬಿನಲ್ಲಿ ಕೈ ಚಾಚಿದೆ. ಅಲ್ಲಿನ ಹುಡುಗಿ ಹತ್ತಿಗೆ ಸ್ಪಿರಿಟ್ಟು ಅದ್ದಿ ತೋಳಿಗೆ ಒರೆಸಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಜಗಲಿ ಕಣ್ಣ ಮುಂದೆ ಬಂತು... ಅಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದ ಮೇಡಂ ಬಂದರು.

ಅವರು ವಿಜ್ಞಾನಿ. ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ ಎಂದು ಹುಡುಕುವುದೇ ಅವರ ಕೆಲಸ. ನಮ್ಮೂರ ಹೆಂಗಸರ ರಕ್ತ ಬೇಕೆಂದು ಬಂದವರು ನಮ್ಮ ಮುಂದಿನ ಕೋಣೆಯಲ್ಲೇ ಉಳಿದರು.

"ಗಾಯ ಆದ್ರೆ ಸುತ್ತ ಕೆಂಪಗೆ ಊದ್ಕೊಳ್ಳುತ್ತಲ್ಲ ಅಮ್ಮ, ಅಂಥದ್ದೇ ಉರಿಯೂತ ಮೈಯೊಳಗೂ ಇರುತ್ತೆ. ನಮಗೆ ಗೊತ್ತೇ ಆಗಲ್ಲ. ಸಕ್ಕರೆ ಕಾಯಿಲೆಗೆ ಅದೂ ಒಂದು ದಾರಿ," ಎಂದು ನಮ್ಮ ಅತ್ತೆಗೆ ಬಿಡಿಸಿ ಹೇಳಿದ್ದರು.

"ಊದ್ಕಂಡ್ ಮ್ಯಾಲೆ ನೋಯ್ಬೇಕಲ್ಲವ್ವ? ನೋಯ್ದೇ ಇರೋದ್ನ ಯಾಕ್ ಕೆದಕ್ತೀಯೆ, ಬುಡು!" ಎಂದಿದ್ದರು ಅತ್ತೆ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಏನನ್ನೂ ಮುಟ್ಟಬೇಡಿ, ಬೆಳಗ್ಗೆ ಹಾಗೇ ಬನ್ನಿ ಎಂದು ಮನೆಮನೆಗೂ ಹೋಗಿ ಹೇಳಿದ್ದರು. ಹೊತ್ತು ಹುಟ್ಟುವಾಗ ಹೆಂಗಸರು ಬರುತ್ತಿದ್ದರು. ಆ ಹೊತ್ತಿಗೆ ನಾನು ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿರುತ್ತಿದ್ದೆ.

ಆ ರಕ್ತದಲ್ಲಿ ಅವರಿಗೆ ಯಾರೂ ನೆನೆಸದ ಸಂಗತಿಯೊಂದು ಸಿಕ್ಕಿತು. ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ದುಡಿಯುವ, ಹೊಟ್ಟೆಯೇ ಇಲ್ಲದ ಒಣಕಲು ಹೆಂಗಸರಿಗೂ ಬರಿ ಹೊಟ್ಟೆಯ ಸಕ್ಕರೆ ಹೆಚ್ಚಿತ್ತು. ಒಳಗಿನ ಉರಿಯೂತವೇ ಕಾರಣ ಎಂದು ಅವರು ಬರೆದದ್ದು ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ದೊಡ್ಡ ದೊಡ್ಡ ಸಭೆಗಳಿಗೆ ಕರೆ ಬಂತು. ನಮಗೆ ಹೇಳಲೆಂದೇ, ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡು, ಊರಿಗೆ ಬಂದರು.

ವಡೆ ಮುರಿಯುತ್ತಾ ಅತ್ತೆ ಹಿಗ್ಗಿದರು. "ನಿನ್ ಕೆಲ್ಸ ಸುಸೂತ್ರ ಆಯ್ತಲ್ಲ, ಅಷ್ಟೇ ಸಾಕು ಕಣವ್ವ. ನಾನೂ ಒಬ್ಬರ್ನೂ ಬರೀ ಒಟ್ಟೇಲಿ ಕೂರುಸ್ನಿಲ್ಲ. ಇತ್ಲಲ್ಲೇ ಒಂದೊಂದ್ ಲೋಟ ಕೊಟ್ಟು ಜಗ್ಲಿಗೆ ಕಳುಸ್ತಿದ್ದೆ."

"ಏನು ಲೋಟ ಅಮ್ಮ?"

"ಕಾಪಿ ಕಣವ್ವ. ಗಟ್ಟಿ ಆಲಿಂದು, ಬೆಲ್ಲ ಆಕಿ. ನಮ್ಮನೆ ಬಾಗ್ಲಿಗೆ ಬಂದು ರಕ್ತ ಕೊಡೋರ್ಗೆ ಒಂದ್ ಲೋಟ ಕಾಪಿನೂ ಕೊಡ್ನಿಲ್ಲ ಅಂದ್ರೆ ಊರೋರು ಏನಂದಾರು?"

"ಎಲ್ಲರಿಗೂನಾ?"

"ಒಬ್ಬರ್ನೂ ಬುಡ್ನಿಲ್ಲ."

ಮೇಡಂ ವಡೆ ಹಿಡಿದ ಕೈಯನ್ನು ಬಾಯಿಗೆ ಒಯ್ಯಲೂ ಇಲ್ಲ, ಕೆಳಗಿಳಿಸಲೂ ಇಲ್ಲ. ನನ್ನದೇ ಮನೆಯ ಹಿತ್ತಲಲ್ಲಿ ಇಷ್ಟೆಲ್ಲ ನಡೆದದ್ದು ನನಗೂ ಗೊತ್ತಿರಲಿಲ್ಲ. ಹಾಲು ಬೆಲ್ಲ ಒಳಗೆ ಹೋದ ಮೇಲೆ ಸಕ್ಕರೆ ಏರದೆ ಇರುತ್ತದೆಯೇ? ಅವರು ದೇಶದೇಶಕ್ಕೆ ಸಾರಿದ ಆ ಸಕ್ಕರೆ ನಮ್ಮನೆ ಬೆಲ್ಲದ್ದು...

ಮೇಡಂ ಬಾಯಿಂದ ಒಂದು ಬಿರುಸು ಮಾತೂ ಬರಲಿಲ್ಲ. "ಚೆನ್ನಾಗಿ ನೋಡ್ಕೊಂಡ್ರಿ ಅಮ್ಮ," ಎಂದು ಅತ್ತೆಯ ಕೈ ಹಿಡಿದುಕೊಂಡರು. ಬಸ್ಸಿಗೆ ಬಿಡಲು ಹೋದಾಗ ನನ್ನ ಹತ್ತಿರ, ಅಚ್ಚಾದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದರು.

"ಇತ್ಲಲ್ಲಿ ಆಗಿದ್ದು ಯಾರ್ಗ್ ಗೊತ್ತಾಯ್ತದೆ ಮೇಡಂ? ಸುಮ್ನಿದ್ಬುಡಿ," ಎಂದೆ.

"ಅದನ್ನ ನಂಬ್ಕೊಂಡು ಯಾರೋ ಡಾಕ್ಟ್ರು ಯಾರಿಗೋ ಮಾತ್ರೆ ಬರೆದುಬಿಟ್ರೆ?" ಎಂದರು. ಬಸ್ಸು ಹತ್ತಿದವರು ತಿರುಗಿ, "ಅಮ್ಮನಿಗೆ ಮಾತ್ರ ಹೇಳ್ಬೇಡಿ," ಎಂದರು.

ವಾಪಸು ತೆಗೆದುಕೊಂಡೇಬಿಟ್ಟರು. ಮಗಳು ಫೋನಿನಲ್ಲಿ ತೋರಿಸಿದಳು. ಮೇಡಂ ಹೆಸರಿದ್ದ ಪುಟಗಳ ಮೇಲೆಲ್ಲ ಅಡ್ಡಲಾಗಿ, ಇದನ್ನು ವಾಪಸು ಪಡೆಯಲಾಗಿದೆ ಎಂಬ ಕೆಂಪಕ್ಷರ. ಅಷ್ಟು ವರ್ಷದ ದುಡಿಮೆ!

ಮರುವರ್ಷ ಮತ್ತೆ ಬಂದರು. ಈ ಸಲ ಹೆಂಗಸರು ಒಲೆ ಹಚ್ಚುವ ಮೊದಲೇ ಅವರವರ ಬಾಗಿಲಲ್ಲೇ ರಕ್ತ ತೆಗೆದರು. ನಮ್ಮ ಜಗಲಿ ಬಿಟ್ಟರೆಂದು ಅತ್ತೆ ಮುನಿಸಿಕೊಂಡರೆ, ವಯಸ್ಸಾದವರು ನಡೆದು ಬರುವುದು ಕಷ್ಟ ಎಂದೇನೋ ಸಬೂಬು ಹೇಳಿದರು. ಒಣಕಲು ಹೆಂಗಸರ ಸಕ್ಕರೆ ಸರಿಯಾಗೇ ಇತ್ತಂತೆ. ಹೊಸದೇನೂ ಇಲ್ಲದ ಅದನ್ನೂ ಬರೆದು ಅಚ್ಚು ಮಾಡಿಸಿದರಂತೆ. ಯಾವ ಸಭೆಗೂ ಕರೆ ಬಂದ ಸುದ್ದಿ ನನಗೆ ತಿಳಿಯಲಿಲ್ಲ. ಆಮೇಲಾಮೇಲೆ ಫೋನೂ ಕಮ್ಮಿಯಾಯಿತು...

ಇವತ್ತು ಲ್ಯಾಬಿನಿಂದ ಹೊರಗೆ ಬಂದವಳೇ ಮೆಟ್ಟಿಲ ಮೇಲೆ ನಿಂತು ಅವರ ನಂಬರು ಒತ್ತಿದೆ. ಅವರ ತಮ್ಮ ಎತ್ತಿದರು. "ಅಕ್ಕ ಹೋಗಿ ವರ್ಷದ ಮೇಲಾಯ್ತಮ್ಮ. ಹಾರ್ಟು... ನಿಮಗೆ ಯಾರೂ ಹೇಳ್ಲಿಲ್ವಾ?"

ಅಲ್ಲೇ ಕೂತೆ. ನಮ್ಮೂರ ಬಸ್ಸು ಕಣ್ಣೆದುರೇ ಬಂದು ಹೋಯಿತು, ಏಳಲಾಗಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಗೋಡೆ ಹಿಡಿದು ಕೂತರು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಆವಮ್ಮ ಎಸ್ರು ಮಾಡಕ್ಕೆ ನಮ್ಮನೆ ಕಾಪಿನೂ ವಸಿ ಒದಗ್ತು ಕಣವ್ವ. ಅದೊಂದೇ ಸಮಾದಾನ ನಂಗೆ," ಎಂದರು.

"ಊಂ ಅತ್ತೆ," ಎಂದೆ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಅತ್ತೆ ಅರ್ಧ ಮುದ್ದೆ ಉಂಡು ಎಲ್ಲರಿಗಿಂತ ಮೊದಲು ಮಲಗಿದರು.