ಎಣ್ಣೆ ಕುಡಿದ ಹೊಸ್ತಿಲು

ಆಗ ನನಗೆ ಅರವತ್ತಮೂರು. ನಾಲ್ಕು ವರ್ಷದ ಹಿಂದಿನ ಮಾತು ಇದು. ಅಲ್ಲಿಯವರೆಗೆ ನಾನು ಕಟ್ಟಿಗೆಗೆ ಉಳಿ ಹಚ್ಚಿದವಳಲ್ಲ, ಹಗ್ಗ ಎಳೆದವಳು.

ಯಾವ ಹಗ್ಗ ಅಂತ ಹೇಳಬೇಕು. ನಮ್ಮ ಯಜಮಾನರು ಬಡಿಗರು. ಜೇವರ್ಗಿಯಲ್ಲಿ ನಮ್ಮ ಮನೆಯ ಮುಂದಿನ ತಗಡಿನ ಚಪ್ಪರವೇ ಅವರ ಅಂಗಡಿ. ಮಂಚದ ಕಾಲು, ಲಟ್ಟಣಿಗೆ, ಕಡಗೋಲು, ಬುಗುರಿ, ದುಂಡಗಿರುವುದನ್ನೆಲ್ಲ ಕಡೆದು ಕೊಡುತ್ತಾರೆ. ಮೊದಲು ಕರೆಂಟಿನ ಮಿಷನ್ ಇರಲಿಲ್ಲ. ಎರಡು ಕಬ್ಬಿಣದ ಮೊಳೆಗಳ ನಡುವೆ ಕಟ್ಟಿಗೆ ಸಿಗಿಸಿ, ಅದಕ್ಕೆ ಹಗ್ಗ ಸುತ್ತಿ, ಹಗ್ಗದ ಎರಡೂ ತುದಿ ಹಿಡಿದು ನಾನು ಒಮ್ಮೆ ಈ ಕೈ ಒಮ್ಮೆ ಆ ಕೈ ಎಳೆಯಬೇಕು. ಕಟ್ಟಿಗೆ ತಮ್ಮ ಕಡೆ ತಿರುಗಿದಾಗ ಅವರು ಉಳಿ ಹಚ್ಚುತ್ತಾರೆ, ಹಿಂದಕ್ಕೆ ತಿರುಗಿದಾಗ ಎತ್ತುತ್ತಾರೆ. ಮದುವೆಯಾದ ವರ್ಷ ಶುರು ಮಾಡಿದೆ. ಮಕ್ಕಳು ಹೊಟ್ಟೆಯಲ್ಲಿದ್ದಾಗಲೂ ಎಳೆದೆ. ಮೋಟಾರು ಬಂದ ಮೇಲೆ ಹಗ್ಗ ಗೋಡೆಯ ಗೂಟಕ್ಕೆ ಹೋಯಿತು, ನಾನು ಒಲೆಯ ಮುಂದೆ ಹೋದೆ. ಬೇಸರವೇನೂ ಆಗಲಿಲ್ಲ. ರಟ್ಟೆ ನೋವು ಹೋಯಿತು, ಅಷ್ಟೆ.

ಒಂದು ಸೋಮವಾರ ಮಧ್ಯಾಹ್ನ ನೆಲೋಗಿಯಿಂದ ಒಬ್ಬ ಹೆಣ್ಣುಮಗಳು ಟಂಟಂ ರಿಕ್ಷಾದಲ್ಲಿ ಬಂದಳು. ಹಳೆಯ ಸೀರೆಯಲ್ಲಿ ಸುತ್ತಿದ ಒಂದು ತುಂಡನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದಳು.

"ಅಣ್ಣಾರ, ಇದರಾಗ ಏನರೆ ಚೆಂದಂದು ಕಡೆದು ಕೊಡ್ರಿ. ಶುಕ್ರವಾರ ನಮ್ಮ ಹೊಸಾ ಮನಿ ವಾಸ್ತುಶಾಂತಿ ಅದ."

ಯಜಮಾನರು ಸೀರೆ ಬಿಚ್ಚಿ ನೋಡಿದರು. ಕರಿಜಾಲಿ ಕಟ್ಟಿಗೆ. ಒಂದು ತುದಿಯನ್ನು ಗೆದ್ದಲು ತಿಂದಿತ್ತು. ನಡುವೆ ಉಗುರು ಹೋಗುವಷ್ಟು ಸೀಳು. ಮೇಲ್ಮೈಗೆ ಅರಿಶಿನ, ಕುಂಕುಮ, ಎಣ್ಣೆ ಮೆತ್ತಿ ಮೆತ್ತಿ ಚರ್ಮದಂಥ ಪದರ ಕಟ್ಟಿತ್ತು.

"ಇದು ಹೊಸ್ತಿಲ ಅಲ್ಲೇನವ್ವ?"

"ಹೌದ್ರಿ."

"ತಗೊಂಡು ಹೋಗು. ಲಕ್ಷ್ಮಿ ಕೂಡೋ ಜಾಗ ಅದು. ಅದಕ್ಕ ನಾ ಉಳಿ ಹಚ್ಚಂಗಿಲ್ಲ."

ಆಕೆ ಹೋಗಲಿಲ್ಲ. ಕಟ್ಟಿಗೆ ಹೊಟ್ಟಿನ ಮೇಲೆಯೇ ಕುಳಿತುಬಿಟ್ಟಳು. ಚೌಡಾಪುರದ ಬಡಿಗನೂ ಹೀಗೇ ಹೇಳಿ ಕಳಿಸಿದ್ದನಂತೆ. ನಾನು ಚಹಾ ಕೊಟ್ಟೆ. ಕುಡಿಯುತ್ತ ಕಥೆ ಹೇಳಿದಳು.

ಅವರದು ಮಣ್ಣಿನ ಮಾಳಿಗೆಯ ಮನೆ. ಕೆಡವಿ ಸಿಮೆಂಟಿನದು ಕಟ್ಟಿದರು. ಹೊಸ ಬಾಗಿಲಿಗೆ ಗ್ರಾನೈಟಿನ ಹೊಸ್ತಿಲು. ಹಳೆಯದನ್ನು ಕೂಡಿಸಲು ಗೌಂಡಿ ಒಪ್ಪಲಿಲ್ಲ, ಗೆದ್ದಲು ಮನೆಯೊಳಗೆ ಬರುತ್ತದೆ ಅಂದ. ಆಕೆಯ ಅತ್ತೆ ಅಂದಿನಿಂದ ಎಮ್ಮೆ ಕಟ್ಟುವ ತಗಡಿನ ಶೆಡ್ಡಿನಲ್ಲಿ ಆ ಹೊಸ್ತಿಲಿನ ಪಕ್ಕ ಹಾಸಿಗೆ ಹಾಕಿದ್ದಾಳೆ. ಶುಕ್ರವಾರಕ್ಕೊಮ್ಮೆ ಅಲ್ಲೇ ಅದಕ್ಕೆ ಅರಿಶಿನ ಹಚ್ಚುತ್ತಾಳೆ, ಎಮ್ಮೆ ನೋಡುತ್ತ ನಿಲ್ಲುತ್ತದೆ.

"'ಹೊಸ್ತಿಲ ಬಂದ್ರ ನಾ ಬರ್ತೇನಿ, ಇಲ್ಲಂದ್ರ ಎಮ್ಮಿ ಸಂಗಾಟ ಇರ್ತೇನಿ' ಅಂತಾಳ್ರಿ. ಅದರಾಗ ಏನರೆ ಮಾಡಿಸಿ ಬಾಗಿಲಕ್ಕ ಹಚ್ತೀವಿ ಅಂದ್ರ 'ಬಡಿಗ್ಯಾರು ಕಟಿಗಿ ಬದ್ಲಿ ಮಾಡ್ತಾರ, ನನಗ ಗುರುತು ಹತ್ತಬೇಕು' ಅಂತಾಳ. ಮನಿತುಂಬ ಬೀಗರು ಬರ್ತಾರ. ಅತ್ತಿ ಶೆಡ್ಡಿನಾಗ ಕುಂತ್ರ ಮಂದಿ ನನಗ ಏನಂದಾರು?"

ಮಂದಿ ಏನನ್ನುತ್ತಾರೆ ಅಂತ ನನಗೂ ಗೊತ್ತಿತ್ತು. ಸೊಸೆ ಅತ್ತೆಯನ್ನು ಎಮ್ಮೆಯ ಹತ್ತಿರ ಕಟ್ಟಿದಳು ಅನ್ನುತ್ತಾರೆ.

"ನೀವು ಉಳಿ ಹಚ್ಚಬ್ಯಾಡ್ರಿ. ನಾ ಹಚ್ತೇನಿ," ಅಂದೆ ಯಜಮಾನರಿಗೆ.

"ನಿನಗ ಪಾಪ ಬರಂಗಿಲ್ಲೇನು?"

"ದಿನಾ ಹೊಸ್ತಿಲ ತೊಳದು ರಂಗೋಲಿ ಹಾಕಾಕಿ ನಾ. ನೀವು ಬರೇ ದಾಟೋರು. ಲಕ್ಷ್ಮೀದೂ ನಂದೂ ನಾವು ನೋಡ್ಕೋತೀವಿ."

"ಸೀಳಿದ ಕಟಿಗಿ ಅದು. ಮೋಟಾರಿಗಿ ಹಚ್ಚಿದ್ರ ಒಡದು ಮಾರಿಗಿ ಬಡಿತದ."

"ಅದಕ್ಕ ಹಗ್ಗ ತಗೀರಿ. ಸಾವಕಾಶ ತಿರುಗತದ."

"ಹಗ್ಗ ಎಳಿಯೋರು ಯಾರು?"

ನಾನು ಅವರ ಮುಖ ನೋಡಿದೆ. ನೆಲೋಗಿಯವಳಿಗೆ ಮೊದಲು ತಿಳಿಯಿತು. ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹಗ್ಗ ಎಳದ್ರ ಉಳಿ ಹಚ್ಚಿದಂಗಲ್ಲ. ನಿಮಗ ಪಾಪ ಇಲ್ಲ," ಅಂದೆ.

ಮರುದಿನ ಕಟ್ಟಿಗೆಗೆ ಊದುಬತ್ತಿ ಬೆಳಗಿ ಕಾಯಿ ಒಡೆದೆವು. ಅದು ಯಜಮಾನರ ಹಟ. ಗೆದ್ದಲು ತಿಂದ ತುದಿಯನ್ನು ಗರಗಸದಿಂದ ಕೊಯ್ದು ಹಾಕಿದೆ. ಸೀಳಿನೊಳಗೆ ಅರಗು ಕರಗಿಸಿ ಇಳಿಸಿ, ಬಿಗಿಯಾಗಿ ಕಟ್ಟಿ ಆರಲು ಬಿಟ್ಟೆ. ಆಮೇಲೆ ಮೊಳೆಗಳ ನಡುವೆ ಸಿಗಿಸಿದೆ. ಕಳಸದ ಆಕಾರ ಮಾಡುವುದು ಅಂತ ತೀರ್ಮಾನ. ಹೊಸ ಬಾಗಿಲಿನ ಮೇಲೆ ಕೂಡಿಸಬಹುದು.

ಉಳಿ ಯಾವಾಗ ಎತ್ತಬೇಕು ಅನ್ನುವುದು ನನಗೆ ಹಗ್ಗದಿಂದ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊದಲ ಏಟಿಗೇ ಉಳಿ ಜಿಗಿದು ಒಂದು ಚೂರು ಹಾರಿಸಿತು.

"ಕಟಿಗಿ ಕಡೀಬೇಕು, ಬದನಿಕಾಯಿ ಹೆಚ್ಚೋದಲ್ಲ," ಅಂದರು.

"ನೀವು ಸಮಾ ಎಳೀರಿ. ಬಾವಿ ನೀರು ಜಗ್ಗಿದಂಗ ಜಗ್ಗಾಕತ್ತೀರಿ."

ಸ್ವಲ್ಪ ಹೊತ್ತಿಗೆ ಅವರ ಬೆವರು ಇಳಿಯತೊಡಗಿತು. ಚಹಾ ಕೇಳಿದರು. ನಾನು ಉಳಿ ಹಿಡಿದಿದ್ದೇನೆ, ಒಲೆ ಯಾರು ಹಚ್ಚಬೇಕು ಅಂದೆ. ಹೋಗಿ ತಾವೇ ಮಾಡಿಕೊಂಡು ಬಂದರು. ಸಕ್ಕರೆ ಹೆಚ್ಚಾಗಿತ್ತು, ಕುಡಿದೆ.

"ಇಷ್ಟು ವರ್ಷ ಹೆಂಗ ಎಳದಿ ಬೇ ಇದನ್ನ?" ಅಂತ ಕೇಳಿದರು.

"ಬಾಯಿ ಮುಚ್ಚಿಕೊಂಡು ಎಳದೀನಿ," ಅಂದೆ.

ಬುಧವಾರ ಸಂಜೆಗೆ ಕಳಸ ಬಂತು. ಹೊಟ್ಟೆ ಸ್ವಲ್ಪ ಒಂದು ಕಡೆ ವಾಲಿತ್ತು, ಇರಲಿ. ಗುರುವಾರ ಬಣ್ಣ. ತಿರುಗುವ ಕಟ್ಟಿಗೆಗೆ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ. ತೊಟ್ಟಿಲಿಗೆ ಹಾಗೇ ಮಾಡುವುದು. ಒತ್ತಿದೆ. ಅರ್ಧ ಕಡೆ ದಾಳಿಂಬೆಯ ಹಾಗೆ ಕೆಂಪಾಯಿತು. ಇನ್ನರ್ಧ ಕಡೆ ಹತ್ತಲೇ ಇಲ್ಲ. ಒತ್ತಿದಷ್ಟೂ ಜಾರಿತು.

ಯಜಮಾನರು ಹಗ್ಗ ಬಿಟ್ಟರು. "ನೋಡು, ತಾಯಿ ಸಿಟ್ಟಾಗ್ಯಾಳ."

ನಾನು ಮೂಸಿ ನೋಡಿದೆ. ಎಣ್ಣೆ ವಾಸನೆ. ತಾಯಿಯ ಸಿಟ್ಟಲ್ಲ, ಸೊಸೆಯರ ಭಕ್ತಿ. ತಲೆತಲಾಂತರದಿಂದ ಹೊಸ್ತಿಲಿಗೆ ಎಣ್ಣೆ ಹಚ್ಚಿ ಹಚ್ಚಿ ಮೇಲಿನ ಮಗ್ಗುಲು ಪೂರ್ತಿ ಕುಡಿದುಬಿಟ್ಟಿತ್ತು. ನೆಲದ ಕಡೆಯ ಮಗ್ಗುಲು ಒಣಗಿತ್ತು, ಅಲ್ಲಿ ಮಾತ್ರ ಅರಗು ಹಿಡಿದಿತ್ತು. ಸೋಡಾ ಹಾಕಿ ತೊಳೆದೆ. ಕೆರೆದೆ. ಮತ್ತೆ ಒತ್ತಿದೆ, ಮತ್ತೆ ಜಾರಿತು. ಇನ್ನೂ ಕೆರೆದರೆ ಕಳಸ ಹೋಗಿ ಬುಗುರಿ ಆಗುತ್ತಿತ್ತು. ಅರ್ಧ ಕೆಂಪು ಅರ್ಧ ಬೋಳು, ಹಾಗೇ ಬಿಟ್ಟೆ. ಮುದುಕಿ ಗುರುತು ಕೇಳುತ್ತಾಳೆ, ನಾವು ಕೆಟ್ಟ ಕೆಲಸ ತೋರಿಸುತ್ತೇವೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ನೆಲೋಗಿಗೆ ಹೋದೆವು. ಹೊಸ ಮನೆಯ ಮುಂದೆ ಪೆಂಡಾಲು, ಹೋಮದ ಹೊಗೆ, ಬೀಗರು. ಶೆಡ್ಡಿನಲ್ಲಿ ಮುದುಕಿ ಹೊಸ ಇಳಕಲ್ಲ ಸೀರೆ ಉಟ್ಟು ಎಮ್ಮೆಯ ಪಕ್ಕ ಕುಳಿತಿದ್ದಳು. ಸೀರೆ ಉಟ್ಟಿದ್ದಾಳೆ ಅಂದರೆ ಬರುವ ಮನಸ್ಸಿದೆ ಅಂತ ನನಗೆ ಅನ್ನಿಸಿತು. ಸೊಸೆ ಕಳಸವನ್ನು ಆಕೆಯ ಉಡಿಯಲ್ಲಿಟ್ಟಳು.

"ಇದು ನಮ್ಮ ಹೊಸ್ತಿಲಂತ ಹೆಂಗ ನಂಬ್ಲಿ? ಬಜಾರದಾಗಿಂದು ತಂದೀರಿ."

"ಇಲ್ಲತ್ತಿ, ಖರೇನ ಅದರದೇ ಅದ."

ಮುದುಕಿ ತಿರುಗಿಸಿದಳು. ಬೋಳು ಕಡೆ ಬಂದಾಗ ಹೆಬ್ಬೆರಳು ನಿಂತಿತು.

"ಈ ಕಡಿ ಬಣ್ಣ ಯಾಕಿಲ್ಲ?"

ಸೊಸೆ ನನ್ನ ಮುಖ ನೋಡಿದಳು. ಸುಳ್ಳು ಹೇಳಲು ನನಗೆ ಪುರಸೊತ್ತಿರಲಿಲ್ಲ, ಹಸಿವಾಗಿತ್ತು.

"ಹಿಡೀಲಿಲ್ಲ ಯವ್ವಾ. ನೀವು ಎಣ್ಣಿ ಕುಡಿಸಿ ಕುಡಿಸಿ ಕಟಿಗಿ ಕೆಡಿಸೀರಿ."

ಯಜಮಾನರು ನನ್ನ ರಟ್ಟೆ ಚಿವುಟಿದರು. ಮುದುಕಿ ಕಳಸವನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ನಾ ಅಲ್ಲ, ನಮ್ಮತ್ತಿ ಕೆಡಿಸ್ಯಾಳ. ಆಕಿ ಕೈ ಭಾಳ ಧಾರಾಳ. ಪಲ್ಯಕ್ಕ ಹಾಕಂದ್ರ ಹಾಕ್ತಿರಲಿಲ್ಲ, ಹೊಸ್ತಿಲಕ್ಕ ಬಟ್ಟಲಗಟ್ಲೆ ಸುರೀತಿದ್ಲು." ಸೊಸೆಯ ಕಡೆ ತಿರುಗಿದಳು. "ಬಜಾರದ ಕಟಿಗಿಗಿ ಯಾರು ಎಣ್ಣಿ ಹಚ್ತಾರ? ನಮ್ಮದೇ ಇದು. ಏಳ್ಸು ನನ್ನ."

ಗೌಂಡಿ ಕಳಸವನ್ನು ಬಾಗಿಲ ಚೌಕಟ್ಟಿನ ಮೇಲೆ ಕೂಡಿಸಿದ. ಬೋಳು ಮಗ್ಗುಲು ಮುಂದೆ ಇರಲಿ ಅಂತ ಮುದುಕಿಯೇ ಹೇಳಿದಳು. ನನ್ನ ದಾಳಿಂಬೆ ಬಣ್ಣ ಗೋಡೆಯ ಕಡೆ ಹೋಯಿತು.

"ಇಷ್ಟು ದಿನ ಮ್ಯಾಲಿಂದ ದಾಟಿದ್ವಿ, ಇನ್ನ ಬುಡಕ ಹಾಯೋಣು," ಅಂದು ಬಲಗಾಲಿಟ್ಟು ಒಳಗೆ ಹೋದಳು. ಹೋದವಳೇ ಮತ್ತೆ ತಿರುಗಿ ಗ್ರಾನೈಟಿನ ಹೊಸ್ತಿಲು ನೋಡಿದಳು.

"ಎಣ್ಣಿ ತಾ. ಇದಕ್ಕೂ ಕುಡಿಸು."

"ಕಲ್ಲು ಎಣ್ಣಿ ಕುಡಿಯಂಗಿಲ್ಲತ್ತಿ."

"ಕುಡಿತದ. ಪುರಸೊತ್ತು ಕೊಡು ಅದಕ್ಕ."

ಸೊಸೆ ಎಣ್ಣೆ ತಂದಳು. ಬೀಗರೆಲ್ಲ ಜಾರದಂತೆ ಸೀರೆ ಎತ್ತಿಕೊಂಡು ದಾಟಿದರು. ನಾವು ಹೋಳಿಗೆ ಉಂಡು ಊರಿಗೆ ಬಂದೆವು. ಯಜಮಾನರು ಬಸ್ಸಿನಲ್ಲಿ ದಾರಿಯುದ್ದಕ್ಕೂ ರಟ್ಟೆ ಒತ್ತಿಕೊಂಡರು.

ಮರುದಿನ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ನಮ್ಮ ಹೊಸ್ತಿಲು ತೊಳೆದು ಅರಿಶಿನ ಹಚ್ಚಿದೆ, ಎಣ್ಣೆ ಮಾತ್ರ ಸ್ವಲ್ಪ ಕಡಿಮೆ ಹಚ್ಚಿದೆ. ಆಮೇಲೆ ಉರುವಲಿನ ರಾಶಿಯೊಳಗಿಂದ ಹುಳ ತಿಂದ ಒಂದು ಬೇವಿನ ತುಂಡು ಎಳೆದು ತಂದು, ಮೊಳೆಗಳ ನಡುವೆ ಸಿಗಿಸಿ, ಹಗ್ಗ ಸುತ್ತಿ, ಎರಡೂ ತುದಿ ಯಜಮಾನರ ಕೈಗೆ ಕೊಟ್ಟೆ.