ರಕ್ತ ಕೇಳುವ ಚಿಕ್ಕಮುನಿಯಮ್ಮ

ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬದನೆಕಾಯಿ ಮೂಟೆಗಳ ನಡುವೆ ನುಸುಳಿ ಬಂದ ಚಿಕ್ಕಮುನಿಯಮ್ಮ, ಹೊರಡಲಿದ್ದ ಗಾಡಿಯೊಂದರ ಎತ್ತಿನ ಮೂಗುದಾರ ಹಿಡಿದು ನಿಲ್ಲುತ್ತಾರೆ. ಗಾಡಿಯ ಮೇಲಿರುವವನು ದೊಡ್ಡಬೈರಪ್ಪ. ಅವನ ಹೆಂಡತಿ ಸುಬ್ಬಮ್ಮ ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ಸೋತು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ರಕ್ತ ಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಇವನು ಅಲ್ಲಿಂದ ಕಾಲ್ತೆಗೆದಿದ್ದಾನೆ.

“ಒಂದು ಸೀಸೆ ರಕ್ತ ಹೋದ್ರೆ ನಾಳೆ ಗಾಡಿ ಹೊಡಿಯೋನು ಯಾರಮ್ಮ?”

“ನಾನು ನಾಕು ಸಲ ಕೊಟ್ಟಿದೀನಿ. ನಿನ್ನ ಎತ್ತು ನಿಲ್ಲಿಸೋ ಶಕ್ತಿ ಇನ್ನೂ ಐತೆ, ನೋಡ್ಕೋ.”

ಸುತ್ತಲಿದ್ದವರು ನಗುತ್ತಾರೆ. ಮಂಡಿಯ ಸಾಹುಕಾರ ವೀರಭದ್ರಯ್ಯನವರಿಗೆ ಮಾತ್ರ ಸಿಟ್ಟು. “ಬೋಣಿ ಹೊತ್ತಲ್ಲಿ ಇದೇನಮ್ಮ ರಕ್ತದ ಮಾತು? ಆಚೆ ನಡಿ.”

“ಹೋಗ್ತೀನಿ ಸ್ವಾಮಿ. ಒಬ್ಬರನ್ನ ಕರ್ಕೊಂಡೇ ಹೋಗ್ತೀನಿ.”

ದೊಡ್ಡಬೈರಪ್ಪ ಗಾಡಿ ಹೊಡೆದುಕೊಂಡು ಹೋಗಿಯೇ ಬಿಡುತ್ತಾನೆ. ಚಿಕ್ಕಮುನಿಯಮ್ಮ ಹಮಾಲಿಗಳತ್ತ ತಿರುಗುತ್ತಾರೆ. ಒಬ್ಬ ಮುಖ ತಿರುಗಿಸುತ್ತಾನೆ, ಇನ್ನೊಬ್ಬ ಮನೆಯಲ್ಲಿ ಕೇಳಬೇಕು ಎನ್ನುತ್ತಾನೆ. ಹೋದ ತಿಂಗಳು ಇಲ್ಲಿಯೇ ಚಿಕ್ಕಮುನಿಯಮ್ಮನವರನ್ನು ಬೈದು ಅಟ್ಟಿದ್ದ ಹಮಾಲಿ ಮರಿಯಣ್ಣ ಬೆನ್ನ ಮೇಲಿನ ಮೂಟೆ ಇಳಿಸುತ್ತಾನೆ. “ನಡಿಯಮ್ಮ. ದಿನಾ ನಿನ್ನ ಕೈಲಿ ಕೇಳಿಸ್ಕೊಂಡು ಸಾಕಾಯ್ತು.”

ಚಾಮರಾಜಪೇಟೆಯ ವಠಾರವೊಂದರಲ್ಲಿ ಒಂಟಿಯಾಗಿರುವ ಚಿಕ್ಕಮುನಿಯಮ್ಮ ಅದೇ ಆಸ್ಪತ್ರೆಯಲ್ಲಿ ಆಯಾ. ರಕ್ತ ಕೇಳಿಕೊಂಡು ತಿರುಗುವುದು ಅವರ ಕೆಲಸವಲ್ಲ, ಅದಕ್ಕೆ ಸಂಬಳವೂ ಇಲ್ಲ. ೧೯೫೦ರಲ್ಲಿ ತಂಗಿಯ ಮಗಳಿಗೆ ರಕ್ತ ಬೇಕಾದಾಗ ವಾರ್ಡಿನ ತುಂಬ ಇದ್ದ ನೆಂಟರು ಒಬ್ಬೊಬ್ಬರಾಗಿ ಜಾರಿಕೊಂಡರು. ಚಿಕ್ಕಮುನಿಯಮ್ಮನವರ ರಕ್ತ ಹೊಂದಲಿಲ್ಲ. ಹುಡುಗಿ ಉಳಿಯಲಿಲ್ಲ. ಆಮೇಲೆ ಗುರುತಿಲ್ಲದ ಹೆಂಗಸೊಬ್ಬಳಿಗೆ ಇವರು ರಕ್ತ ಕೊಟ್ಟಾಗ, ಯಾವ ಜಾತಿಯವಳಿಗೋ ಏನೋ ಎಂದು ವಠಾರದವರು ನಲ್ಲಿ ಮುಟ್ಟಗೊಡಲಿಲ್ಲ. “ಬೀದಿ ನಲ್ಲೀಲಿ ಹಿಡ್ಕೊಂಡೆ. ಮರುವರ್ಷ ಮತ್ತೆ ಕೊಟ್ಟೆ” ಎನ್ನುತ್ತಾರೆ. ಇವತ್ತಿಗೂ ಹತ್ತು ಜನರನ್ನು ಕೇಳಿದರೆ ಒಪ್ಪುವವನು ಒಬ್ಬ.

ಮರಿಯಣ್ಣನ ರಕ್ತ ಹೊಂದುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಬ್ಬಮ್ಮ ಕಣ್ಣು ಬಿಟ್ಟು ಮಗುವನ್ನು ಕೇಳುತ್ತಾಳೆ. ಸಂಜೆ ದೊಡ್ಡಬೈರಪ್ಪ ಒಂದು ಸೋರೆಕಾಯಿ ಹಿಡಿದು ವಾರ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ.

“ನಂಗ್ಯಾಕಪ್ಪ ಕಾಯಿ? ತೋಳು ಕೊಡು. ಪಕ್ಕದ ಮಂಚದಾಕೆಗೂ ರಕ್ತ ಬೇಕು.”

“ಭಯ ಆಯ್ತದಮ್ಮ...”

ಕಾಯಿ ಅಲ್ಲಿಯೇ ಇಟ್ಟು, ಹೆಂಡತಿಯ ಮುಖ ನೋಡಿಕೊಂಡು ಅವನು ಹೊರಟುಹೋಗುತ್ತಾನೆ.

ಇಷ್ಟು ಮಾಡಿಯೂ ಇಲ್ಲವೆನ್ನಿಸಿಕೊಂಡರೆ ಬೇಸರವಾಗುವುದಿಲ್ಲವೇ ಎಂದರೆ ಚಿಕ್ಕಮುನಿಯಮ್ಮ ಸೆರಗು ಬಿಗಿದು ಸಿಕ್ಕಿಸಿಕೊಳ್ಳುತ್ತಾರೆ.

“ಒಲ್ಲೆ ಅಂದೋರ ಮುಖ ನಾನು ಮರೆಯಲ್ಲ. ಬಯ್ಯೋಕಲ್ಲ, ಇನ್ನೊಂದ್ಸಲ ಕೇಳೋಕೆ.”